ಮೈನಸ್ ಗುರುತಿಲ್ಲದ ಗುರಿ ಮಾದರಿಯಿಂದ ನಿರ್ಧಾರ ಹುಟ್ಟುವುದಿಲ್ಲ

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ (ಸಂಸ್ಥೆಯ ಕೆಲಸ ಮತ್ತು ತಂತ್ರಾಂಶಗಳ ಒಟ್ಟು ವಿನ್ಯಾಸ): ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸಹಕಾರಿ ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದೇನೆ. ಸಣ್ಣ ವ್ಯಾಪಾರಿಗಳ ಸಾಲ ಮಂಜೂರಾಗಲು ಈಗ 9 ದಿನ ಹಿಡಿಯುತ್ತಿದೆ. ಅದನ್ನು 3 ದಿನಕ್ಕೆ ಇಳಿಸಬೇಕೆಂಬುದು ಆಡಳಿತ ಮಂಡಳಿಯ ಅಪೇಕ್ಷೆ. ನಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಎಲ್ಲ ಖಾತೆಗಳ ಲೆಕ್ಕ ನಡೆಸುವ ಈಗಿನ ಕೋರ್ ಬ್ಯಾಂಕಿಂಗ್ ತಂತ್ರಾಂಶದ (ಸಿಬಿಎಸ್) ಒಳಗೇ, ಅದನ್ನು ಒದಗಿಸಿದ ವೆಂಡರ್‌ನಿಂದ ಬದಲಾವಣೆ ಮಾಡಿಸುವುದು. ಎರಡು, ಅದನ್ನು ಮುಟ್ಟದೆ ಹೊರಗೆ ಏಪಿಐ ಪದರ (ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಟ್ಟು ಪಡೆಯುವ ಸಂಪರ್ಕ ಪದರ) ಕಟ್ಟಿ ಸಾಲದ ಮಾಡ್ಯೂಲ್ ಕೂರಿಸುವುದು. ಮೂರು, ಇಡೀ ಸಿಬಿಎಸ್ ಬದಲಿಸುವುದು. ಆರ್ಕಿಟೆಕ್ಚರ್ ಚಿತ್ರ ಬರೆಯುವ ಆರ್ಕಿಮೇಟ್ ಎಂಬ ಭಾಷೆಯಲ್ಲಿ ಗುರಿ ಮಾದರಿ ಬರೆದೆವು, ಅಂದರೆ ಯಾವ ದಾರಿ ಯಾವ ಗುರಿಗೆ ನೆರವು ಅಥವಾ ಅಡ್ಡಿ ಎಂದು ಬಾಣಗಳಿಂದ ತೋರಿಸುವ ಚಿತ್ರ. 60ಕ್ಕೂ ಹೆಚ್ಚು ಗುರಿಗಳು ಸೇರಿಕೊಂಡವು. ಮೂರೂ ದಾರಿಗಳು ಎಲ್ಲ ಗುರಿಗಳಿಗೂ ಅನುಕೂಲ ಎಂದೇ ಚಿತ್ರ ಹೇಳುತ್ತಿದೆ. ಎಲ್ಲಿ ತಪ್ಪಿದೆವು?

ಉತ್ತರ: ಗುರಿಗಳನ್ನು ಬರೆದ ರೀತಿಯಲ್ಲೇ ತಪ್ಪಿರುವ ಸಾಧ್ಯತೆ ಹೆಚ್ಚು. ‘ಉತ್ತಮ ಗ್ರಾಹಕ ಸೇವೆ’, ‘ಡಿಜಿಟಲ್ ಪರಿವರ್ತನೆ’ ಎಂಬ ಗುರಿಗಳನ್ನು ಯಾರೂ ಬೇಡವೆನ್ನುವುದಿಲ್ಲ, ಯಾವ ದಾರಿಯೂ ಅವುಗಳಿಗೆ ಅಡ್ಡ ಬರುವುದಿಲ್ಲ. ಹಾಗಾಗಿ ಆಯ್ಕೆಗೆ ಅವುಗಳಿಂದ ಸಹಾಯವೂ ಇಲ್ಲ. ಇನ್ನೊಂದು ಬಗೆಯದು ಇದಕ್ಕಿಂತ ಅಪಾಯಕಾರಿ. ‘ಏಪಿಐ ಪದರ ಹೊಂದುವುದು’, ‘ಕ್ಲೌಡ್‌ಗೆ ಹೋಗುವುದು’ ಎಂಬ ಸಾಲುಗಳು ನಿಮ್ಮ ಪಟ್ಟಿಯಲ್ಲಿದ್ದರೆ ಅವು ಗುರಿಗಳಲ್ಲ, ಗುರಿಯ ಜಾಗದಲ್ಲಿ ಕೂತ ಪರಿಹಾರಗಳು. ‘ಏಪಿಐ ಪದರ’ ಗುರಿಯಾಗಿಬಿಟ್ಟರೆ ಎರಡನೇ ದಾರಿ ಲೆಕ್ಕ ಮಾಡುವ ಮೊದಲೇ ಗೆದ್ದಂತೆ. ಅಂಥ ಪ್ರತಿ ಸಾಲಿಗೂ ‘ಏಕೆ ಬೇಕು?’ ಎಂದು ಕೇಳಿ. ‘ಹೊಸ ಸಾಲ ಯೋಜನೆ ತರಲು ವೆಂಡರ್‌ಗಾಗಿ ಕಾಯಬೇಕಾಗಿದೆ’ ಎಂಬ ಉತ್ತರ ಬಂದರೆ ಆ ಕಾಯುವಿಕೆಯನ್ನು ಕಡಿಮೆ ಮಾಡುವುದೇ ನಿಜವಾದ ಗುರಿ.

60 ಗುರಿಗಳನ್ನು 12ರಿಂದ 15ಕ್ಕೆ ಇಳಿಸಿ. ಒಂದು ಪುಟದಲ್ಲಿ ಹಿಡಿಯದ ಚಿತ್ರವನ್ನು ಮಂಡಳಿಯ ಸಭೆಯಲ್ಲಿ ಯಾರೂ ಓದುವುದಿಲ್ಲ. ಉಳಿದ ಪ್ರತಿ ಗುರಿಗೂ ಅದು ಯಾರದು, ಇಂದಿನ ಅಳತೆ ಎಷ್ಟು, ಎಷ್ಟಕ್ಕೆ ತಲುಪಬೇಕು, ಯಾವ ದಿನಾಂಕದೊಳಗೆ ಎಂಬುದನ್ನು ಬರೆಯಿರಿ. ‘ವೆಂಡರ್ ಅವಲಂಬನೆ ತಗ್ಗಿಸುವುದು’ ಎಂದು ಬಿಡಬೇಡಿ. ‘ಬದಲಾವಣೆಯ ಕೋರಿಕೆ ಕೊಟ್ಟಲ್ಲಿಂದ ಅದು ಬಳಕೆಗೆ ಬರುವವರೆಗಿನ ದಿನಗಳು’ ಎಂದು ಬರೆದರೆ ಅಳೆಯಬಹುದು, ಜಗಳವಾಡಲೂಬಹುದು. ಅಳತೆ ಸಿಗದ ಗುರಿಯನ್ನು ಚಿತ್ರದಿಂದ ತೆಗೆಯಿರಿ ಎನ್ನುವವರಿದ್ದಾರೆ, ನಾವು ಅಷ್ಟು ಕಟುವಾಗಿ ಹೇಳುವುದಿಲ್ಲ. ಸದಸ್ಯರ ವಿಶ್ವಾಸದಂಥ ಗುರಿ ಇರಲಿ, ಆದರೆ ಅದರ ಕೆಳಗೆ ಎಣಿಸಬಹುದಾದ ಒಂದು ಗುರುತಾದರೂ ಇರಬೇಕು. ತಿಂಗಳಿಗೆ ಬರುವ ದೂರುಗಳ ಸಂಖ್ಯೆಯಾದರೂ ಆದೀತು.

‘ಏಕೆ’ ಎಂದು ಮೇಲಕ್ಕೆ ಹತ್ತಿದ ಮೇಲೆ ‘ಹೇಗೆ’ ಎಂದು ಕೆಳಕ್ಕೆ ಇಳಿಯಿರಿ. ನಿಮ್ಮ ವಿಷಯದಲ್ಲಿ ಇದೇ ಮುಖ್ಯ ಹೆಜ್ಜೆ. ಆ 9 ದಿನಗಳು ಎಲ್ಲಿ ಹೋಗುತ್ತಿವೆ? ಕಳೆದ 50 ಸಾಲದ ಫೈಲುಗಳನ್ನು ತೆಗೆದು, ಶಾಖೆಗೆ ಅರ್ಜಿ ಬಂದದ್ದು, ದಾಖಲೆ ಪರಿಶೀಲನೆ ಮುಗಿದದ್ದು, ವಕೀಲರ ಕಾನೂನು ಅಭಿಪ್ರಾಯ ಕೈಸೇರಿದ್ದು, ಪ್ರಧಾನ ಕಚೇರಿಗೆ ಹೋದದ್ದು, ಸಾಲ ಸಮಿತಿ ಒಪ್ಪಿದ್ದು, ಹೀಗೆ ಪ್ರತಿ ಹಂತದ ದಿನಾಂಕ ಬರೆದುಕೊಳ್ಳಿ. ಕಾನೂನು ಅಭಿಪ್ರಾಯವೊಂದಕ್ಕೇ 5 ದಿನ ಹೋಗುತ್ತಿದ್ದರೆ, ಆ ಹಂತವನ್ನು ಮುಟ್ಟದ ಯಾವ ತಂತ್ರಾಂಶವೂ 3 ದಿನದ ಗುರಿ ತಲುಪಿಸಲಾರದು. ಉಪಗುರಿಗಳೆಲ್ಲ ಈಡೇರಿದಾಗ ಮಾತ್ರ ಮೇಲಿನದು ಈಡೇರುವಂತಿದ್ದರೆ, ಗುರಿ ಎಷ್ಟು ಈಡೇರುತ್ತದೆ ಎಂದು ಅಂಕ ಕೊಡುವಾಗ ಅವುಗಳಲ್ಲಿ ಅತಿ ಕಡಿಮೆಯಾದದ್ದೇ ಮೇಲಿನ ಗುರಿಯ ಅಂಕವಾಗುತ್ತದೆ. ಜಿಆರ್‌ಎಲ್ ಎಂಬ ಗುರಿ ಭಾಷೆಯ ಲೆಕ್ಕಾಚಾರದ ನಿಯಮವೂ ಇದೇ. ಇಲ್ಲಿ ಸರಾಸರಿ ತೆಗೆದರೆ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಮೈನಸ್ ಗುರುತುಗಳು, ಅಂದರೆ ದಾರಿಯೊಂದು ಗುರಿಗೆ ಅಡ್ಡಿ ಎಂದು ಬಾಣದ ಮೇಲೆ ಹಾಕುವ ಗುರುತುಗಳು. ನಿರ್ದೇಶಕರು ಮತ್ತು ಐಟಿಯವರನ್ನು ಮಾತ್ರ ಮಾತನಾಡಿಸಿದ್ದರೆ ಅವು ಸಿಗುವುದಿಲ್ಲ. ಶಾಖಾ ವ್ಯವಸ್ಥಾಪಕರು, ರಾತ್ರಿ ದಿನಾಂತ್ಯದ ಲೆಕ್ಕ ಮುಗಿಸುವ ಸಿಬ್ಬಂದಿ, ಆಂತರಿಕ ಲೆಕ್ಕಪರಿಶೋಧಕರು, ಇವರೊಂದಿಗೆ ಕೂತು ಪ್ರತಿ ದಾರಿಯ ಬಗ್ಗೆಯೂ ‘ಇದು ಬಂದರೆ ನಿಮಗೆ ಯಾವ ಕೆಲಸ ಕಷ್ಟವಾಗುತ್ತದೆ?’ ಎಂದೇ ಕೇಳಿ. ಏಪಿಐ ಪದರ ಹೊರಗಿದ್ದರೆ ಸಾಲದ ಲೆಕ್ಕ ಎರಡು ಕಡೆ ಇರುತ್ತದೆ, ಎರಡೂ ತಾಳೆಯಾಗದ ರಾತ್ರಿ ದಿನಾಂತ್ಯ ನಿಂತುಹೋಗಬಹುದು ಎಂಬುದು ಆ ಸಿಬ್ಬಂದಿಗೆ ತಕ್ಷಣ ಹೊಳೆಯುತ್ತದೆ. ಆ ಒಂದು ಮಾತಿನಿಂದ ‘ದಿನಾಂತ್ಯದ ಸ್ಥಿರತೆ’ ಎಂಬ ಗುರಿಯೂ, ಎರಡನೇ ದಾರಿಯಿಂದ ಅದರ ಕಡೆಗೆ ಒಂದು ಮೈನಸ್ ಬಾಣವೂ ಹುಟ್ಟುತ್ತವೆ. ಚಿತ್ರ ಕೆಲಸಕ್ಕೆ ಬರಲು ಶುರುವಾಗುವುದು ಅಲ್ಲಿಂದ.

ಕಾನೂನಿನ ಕಟ್ಟಳೆಗಳನ್ನು ಗುರಿಗಳ ಜೊತೆ ಬೆರೆಸಬೇಡಿ. ಪಾವತಿ ವ್ಯವಸ್ಥೆಯ ದತ್ತಾಂಶ ಭಾರತದಲ್ಲೇ ಇರಬೇಕೆಂಬ ಆರ್‌ಬಿಐನ 2018ರ ಏಪ್ರಿಲ್ ಸುತ್ತೋಲೆ, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಮತ್ತು 180 ದಿನಗಳ ಲಾಗ್ (ವ್ಯವಸ್ಥೆಯ ಚಟುವಟಿಕೆಯ ದಾಖಲೆ) ಉಳಿಸಿರಬೇಕೆಂಬ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ, ಇಂಥವಕ್ಕೆ ಅಂಕ ಕೊಡುವಂತಿಲ್ಲ. ಇವುಗಳಲ್ಲಿ ನಿಮಗೆ ಅನ್ವಯಿಸುವುದನ್ನು ಪಾಲಿಸಲಾಗದ ದಾರಿಯನ್ನು ಅಂಕದ ಹಂತಕ್ಕೇ ತರಬಾರದು. ಅಂಕ ಕೊಟ್ಟರೆ, ಉಳಿದೆಡೆ ಹೆಚ್ಚು ಗಳಿಸಿದ ದಾರಿ ಕಾನೂನು ಮುರಿದೂ ಮೊದಲ ಸ್ಥಾನಕ್ಕೆ ಬಂದೀತು.

ಪ್ರಶ್ನೆ: ಗುರಿಗಳಿಗೆ ತೂಕ, ದಾರಿಗಳಿಗೆ ಅಂಕ ಕೊಟ್ಟು ಮೊತ್ತ ತೆಗೆದರೆ ಸಾಕೇ? ಅಂಕಗಳನ್ನು ಬೇಕಾದಂತೆ ತಿರುಚಬಹುದಲ್ಲ?

ಉತ್ತರ: ತಿರುಚಬಹುದು. ಆದ್ದರಿಂದಲೇ ಮೊತ್ತಕ್ಕಿಂತ, ತೂಕ ಬದಲಿಸಿದಾಗ ಮೊತ್ತ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ಕಣ್ಣಿಡಬೇಕು. ಮೇಲಿನ ಪ್ರಶ್ನೆಯನ್ನೇ ತೆಗೆದುಕೊಂಡು, ಉದಾಹರಣೆಗಷ್ಟೇ ಅಂಕಗಳನ್ನಿಟ್ಟು ನೋಡೋಣ. ಅಂಕ −100ರಿಂದ +100ರವರೆಗೆ. ತೂಕಗಳು: ಸಾಲದ ವೇಗ 40, ದಿನಾಂತ್ಯದ ಸ್ಥಿರತೆ 25, ವಾರ್ಷಿಕ ವೆಚ್ಚ 20, ವೆಂಡರ್‌ನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ 15. ಪ್ರತಿ ಅಂಕವನ್ನು ಅದರ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, 100ರಿಂದ ಭಾಗಿಸಿದರೆ ಮೊತ್ತ.

ಇದೇ ಕ್ರಮದಲ್ಲಿ, ಒಳಗೇ ಬದಲಾವಣೆ ಮಾಡಿಸುವ ದಾರಿಗೆ +50, +25, +25, −75 ಕೊಟ್ಟರೆ ಮೊತ್ತ 20. ಏಪಿಐ ಪದರಕ್ಕೆ +75, −25, −25, +50 ಕೊಟ್ಟರೆ 26.25. ಹೊಸ ಸಿಬಿಎಸ್‌ಗೆ +75, −75, −75, +25 ಕೊಟ್ಟರೆ ಸೊನ್ನೆ. ಏಪಿಐ ಪದರ ಗೆದ್ದಿತು ಎಂದು ಬಹಳ ಕಡೆ ಇಲ್ಲಿಗೇ ಫೈಲು ಮುಚ್ಚುತ್ತಾರೆ.

ಮುಚ್ಚಬೇಡಿ. ವೇಗದ ತೂಕವನ್ನು 25ಕ್ಕೆ ಇಳಿಸಿ, ಸ್ಥಿರತೆಯದನ್ನು 40ಕ್ಕೆ ಏರಿಸಿ ಮತ್ತೆ ಕೂಡಿಸಿ. ಒಳಗಿನ ಬದಲಾವಣೆಗೆ 16.25, ಏಪಿಐ ಪದರಕ್ಕೆ 11.25, ಹೊಸ ಸಿಬಿಎಸ್‌ಗೆ −22.5. ಮೊದಲೆರಡು ದಾರಿಗಳ ಸ್ಥಾನ ಅದಲುಬದಲಾಯಿತು. ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. ಹೊಸ ಸಿಬಿಎಸ್ ಎರಡೂ ಸಲ ಕೊನೆಗೇ ಉಳಿದದ್ದರಿಂದ ಈ ಸುತ್ತಿನಲ್ಲಿ ಅದನ್ನು ಬದಿಗಿಡಬಹುದು. ಉಳಿದೆರಡರ ಆಯ್ಕೆ ತಂತ್ರಜ್ಞಾನದ ಪ್ರಶ್ನೆಯೇ ಅಲ್ಲ: ಸಾಲದ ವೇಗಕ್ಕಾಗಿ ಒಂದಷ್ಟು ರಾತ್ರಿಗಳ ತೊಂದರೆಯನ್ನು ಬ್ಯಾಂಕು ಒಪ್ಪುತ್ತದೆಯೇ? ಅದಕ್ಕೆ ಉತ್ತರಿಸಬೇಕಾದವರು ಆಡಳಿತ ಮಂಡಳಿಯವರು. ಮಂಡಳಿಯ ಮುಂದೆ 26.25 ಎಂಬ ಅಂಕಿಯನ್ನಲ್ಲ, ಈ ಪ್ರಶ್ನೆಯನ್ನು ಇಡಿ.

ತಿರುಚುವಿಕೆ ತಡೆಯಲು ನಮಗೆ ಸರಿಯೆನಿಸುವ ಪದ್ಧತಿ ಹೀಗಿದೆ: ದಾರಿಗಳ ಅಂಕ ಬರುವ ಮೊದಲೇ ಮಂಡಳಿ ತೂಕಗಳನ್ನು ಗೊತ್ತುಮಾಡಿ ಬರೆದಿಡಲಿ. ಅಂಕಗಳನ್ನು ಇಬ್ಬರು ಬೇರೆ ಬೇರೆ ಕೂತು ಕೊಡಲಿ. 25ರ ಹೆಜ್ಜೆಗಳಷ್ಟೇ ಸಾಕು, 37ಕ್ಕೂ 41ಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಸಮರ್ಥಿಸಲಾರರು. ಇಬ್ಬರ ನಡುವೆ 50ಕ್ಕಿಂತ ಹೆಚ್ಚು ಅಂತರ ಬಂದ ಕಡೆ ಸರಾಸರಿ ತೆಗೆಯದೆ ಕಾರಣ ಕೇಳಿ. ಇಬ್ಬರೂ ಗುರಿಯನ್ನು ಬೇರೆ ಬೇರೆ ಅರ್ಥದಲ್ಲಿ ಓದಿಕೊಂಡಿರುವುದು ಬಹುಪಾಲು ಅಲ್ಲೇ ಬಯಲಾಗುತ್ತದೆ.

ಪ್ರಶ್ನೆ: ಐ-ಸ್ಟಾರ್, ಕೆಎಒಎಸ್, ಜಿಆರ್‌ಎಲ್, ಆರ್ಕಿಮೇಟ್: ಗುರಿ ಮಾದರಿ ಬರೆಯುವ ಈ ವಿಧಾನಗಳಲ್ಲಿ ಯಾವುದನ್ನು ಕಲಿಯಬೇಕು?

ಉತ್ತರ: ಉಳಿದ ಆರ್ಕಿಟೆಕ್ಚರ್ ಚಿತ್ರಗಳು ಆರ್ಕಿಮೇಟ್‌ನಲ್ಲಿದ್ದರೆ ಅದನ್ನೇ ಹಿಡಿಯಿರಿ. 2012ರ 2.0 ಆವೃತ್ತಿಯಿಂದ ಅದರಲ್ಲಿ ಗುರಿ, ಪ್ರೇರಕ, ತತ್ವ, ನಿರ್ಬಂಧಗಳಿಗೆ ಜಾಗವಿದೆ. ಗುರಿಯಿಂದ ಸೇವೆ, ತಂತ್ರಾಂಶ, ಸರ್ವರ್‌ವರೆಗೆ ಒಂದೇ ಎಳೆ ಸಿಗುವುದು ಸಣ್ಣ ಲಾಭವಲ್ಲ. ಆರ್ಕಿ ಎಂಬ ಉಚಿತ ತಂತ್ರಾಂಶ ಸಾಕು. ಆದರೆ ಬಾಣದ ಮೇಲೆ ನೀವು ಹಾಕುವ ಪ್ಲಸ್ ಮೈನಸ್‌ಗಳಿಂದ ಲೆಕ್ಕ ಮಾಡುವ ವಿಧಾನವನ್ನು ಆರ್ಕಿಮೇಟ್ ಹೇಳಿಕೊಡುವುದಿಲ್ಲ. ಆ ಕೆಲಸ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿ, ಇಲ್ಲವೇ ದೂರಸಂಪರ್ಕ ಮಾನದಂಡಗಳ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು-ಟಿಯ ಝಡ್.151 ಮಾನದಂಡದಲ್ಲಿರುವ ಜಿಆರ್‌ಎಲ್ ಬಳಸಿ. ಸಮಸ್ಯೆಯ ತಿರುಳು ವೆಂಡರ್ ಸಂಬಂಧವೇ ಆಗಿದ್ದರೆ, ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಎರಿಕ್ ಯು 1995ರಲ್ಲಿ ಮಂಡಿಸಿದ ಐ-ಸ್ಟಾರ್‌ನ ಅವಲಂಬನೆ ಚಿತ್ರವನ್ನು ಒಮ್ಮೆ ಬರೆದು ನೋಡಿ. ಯಾರು ಯಾರನ್ನು ಯಾವುದಕ್ಕಾಗಿ ನೆಚ್ಚಿಕೊಂಡಿದ್ದಾರೆ ಎಂಬುದು ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದು. ಕೆಎಒಎಸ್‌ನ ಔಪಚಾರಿಕ ತರ್ಕ ನಿಮ್ಮ ಈ ಕೆಲಸಕ್ಕೆ ಹೆಚ್ಚಾಯಿತು. ಆದರೆ ಗುರಿಗೆ ಅಡ್ಡಿಯಾಗುವ ಸಂಗತಿಗಳನ್ನು ಮೊದಲೇ ಪಟ್ಟಿ ಮಾಡುವ ಅದರ ಅಭ್ಯಾಸವನ್ನು ಎರವಲು ತನ್ನಿ.

ಯಾವುದನ್ನೇ ಬಳಸಿ, ನಿರ್ಧಾರವಾದ ದಿನವೇ ಒಂದು ಪುಟದ ಟಿಪ್ಪಣಿ ಬರೆದಿಡಿ: ಆಯ್ದ ದಾರಿ, ಬಿಟ್ಟ ದಾರಿಗಳು, ಒಪ್ಪಿಕೊಂಡ ಮೈನಸ್‌ಗಳು, ನಂಬಿದ ಊಹೆಗಳು. ‘ವೆಂಡರ್ ಮಾರ್ಚ್ ಒಳಗೆ ಏಪಿಐ ತೆರೆದುಕೊಡುತ್ತಾರೆ’ ಎಂಬಂಥ ಊಹೆ ಸುಳ್ಳಾದರೆ ಅಂಕಗಳನ್ನು ಮತ್ತೆ ಕೊಡಬೇಕಾಗುತ್ತದೆ. ಪ್ರತಿ ಊಹೆಯನ್ನು ಯಾರು, ಯಾವ ತಿಂಗಳು ಪರಿಶೀಲಿಸುತ್ತಾರೆ ಎಂಬುದನ್ನೂ ಆ ಪುಟದಲ್ಲೇ ಬರೆಯಿರಿ.