ಮ್ಯಾಡ್ರಿಡ್–ಲಿಸ್ಬನ್ ವಿಮಾನ ಬರೀ 20 ನಿಮಿಷವೇ?

ಟಿಕೆಟ್‌ನಲ್ಲಿ ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಹೋಗುವಾಗ 20 ನಿಮಿಷ, ಬರುವಾಗ 2 ಗಂಟೆ 20 ನಿಮಿಷ ಅಂತ ಕಾಣ್ತಿರೋದು ಟೈಮ್ ಝೋನ್‌ನಿಂದ, ಟಿಕೆಟ್ ಸರಿಯಾಗೇ ಇದೆ. ಅದರಲ್ಲಿರೋದು ಆಯಾ ಊರಿನ ಗಡಿಯಾರದ ಸಮಯ. ಲಿಸ್ಬನ್ ವರ್ಷಪೂರ್ತಿ ಮ್ಯಾಡ್ರಿಡ್‌ಗಿಂತ 1 ಗಂಟೆ ಹಿಂದೆ. ಬೇಸಿಗೆ ಸಮಯವೂ (ಬೇಸಿಗೆಯಲ್ಲಿ ಗಡಿಯಾರವನ್ನು 1 ಗಂಟೆ ಮುಂದಿಡೋದು) ಎರಡೂ ಕಡೆ ಒಂದೇ ದಿನ ಬದಲಾಗುತ್ತೆ.

ಲಿಸ್ಬನ್ ತಲುಪುವ ಸಮಯಕ್ಕೆ ಮೊದಲು 1 ಗಂಟೆ ಕೂಡಿಸಿ, ಆಮೇಲೆ ಹೊರಡುವ ಸಮಯ ಕಳೆಯಿರಿ. 10:00ಕ್ಕೆ ಹೊರಟು 10:20ಕ್ಕೆ ತಲುಪಿದರೆ ನಿಜವಾದ ಅವಧಿ 1 ಗಂಟೆ 20 ನಿಮಿಷ. ವಾಪಸ್‌ಗೆ ಉಲ್ಟಾ: ಮ್ಯಾಡ್ರಿಡ್ ಸಮಯದಿಂದ 1 ಗಂಟೆ ಇಳಿಸಿ.

ನೇರ ದೂರ ಸುಮಾರು 500 ಕಿ.ಮೀ., ಹಾರಾಟ ಹೆಚ್ಚುಕಡಿಮೆ ಒಂದು ಗಂಟೆ. ಉಳಿದದ್ದು ರನ್‌ವೇಗೆ ಹೋಗಿಬರೋದು. ಗಾಳಿ, ಸರದಿ ನೋಡಿ ಹತ್ತು ನಿಮಿಷ ಆಚೀಚೆ.

ಮ್ಯಾಡ್ರಿಡ್‌ನಲ್ಲಿ ಇನ್ನೊಂದು ವಿಮಾನ ಹಿಡಿಯೋದಿದ್ದರೆ ಹುಷಾರು: ಏರೋಪ್ಲೇನ್ ಮೋಡ್ ತೆಗೆಯೋವರೆಗೂ ಫೋನ್ ಲಿಸ್ಬನ್ ಸಮಯವನ್ನೇ ತೋರಿಸಬಹುದು.