ಮಳೆಗಾಲಕ್ಕೆ ಕಾರಿನ ಮೇಲೆ ಎಂಥ ಪೆಟ್ಟಿಗೆ?

ನಮಸ್ಕಾರ. ಜುಲೈನಲ್ಲಿ ಆಗುಂಬೆ ಕಡೆ ಹೊರಟಿದ್ದೀರಿ. ಕ್ಯಾಮೆರಾ, ಸ್ಟೌ, ಹಾಸಿಗೆ ಎಲ್ಲವನ್ನೂ ಕ್ಯಾರಿಯರ್ ಮೇಲೆ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೇಲೆ ಭಾರ ಜಾಸ್ತಿಯಾದರೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ. ಕ್ಯಾಮೆರಾ ಕಾರಿನೊಳಗೇ ಇರಲಿ.

ಕೊಳ್ಳುವಾಗ ಸುಮ್ನೆ ‘ವಾಟರ್‌ಪ್ರೂಫ್’ ಅಂತ ಬರೆದಿದ್ದರೆ ನಂಬಬೇಡಿ, ಐಪಿ ಸಂಖ್ಯೆ (ದೂಳು, ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಗುರುತು) ನೋಡಿ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಐಪಿ67 ಇದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯಬೇಕು. ಮಳೆಗೆ ಐಪಿ65 ಸಾಕು.

ಆದರೆ ನಿಜವಾದ ಕೆಲಸ ಮಾಡುವುದು ಮುಚ್ಚಳದ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್. ಅಲ್ಲಿ ಒಂದಿಷ್ಟು ಮರಳು, ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗಿಳಿಯಬಹುದು. ಪ್ರತಿ ಸಲ ಒರೆಸಿಯೇ ಮುಚ್ಚಿ. ಗ್ಯಾಸ್ಕೆಟ್, ಲಾಕ್ ಬಿಡಿಯಾಗಿ ಸಿಗುತ್ತವಾ ಅಂತ ಅಂಗಡಿಯಲ್ಲೇ ವಿಚಾರಿಸಿ. ನನ್ನ ಪ್ರಕಾರ ಬ್ರ್ಯಾಂಡ್‌ಗಿಂತ ಇದು ಮುಖ್ಯ. ಗಾಳಿಯಾಡದ ಪೆಟ್ಟಿಗೆಯಾದರೆ ಘಾಟಿ ಇಳಿದ ಮೇಲೆ ಹೊರಗಿನ ಗಾಳಿಯ ಒತ್ತಡ ಹೆಚ್ಚಾಗಿ ಮುಚ್ಚಳ ಬಿಗಿದು ಕೂರುತ್ತದೆ, ತೆಗೆಯಲು ಕಷ್ಟ. ಪೆಲಿಕನ್ ಬ್ರ್ಯಾಂಡ್‌ನ ಕೇಸ್‌ಗಳಲ್ಲಿ ಆ ಒತ್ತಡ ಸರಿದೂಗಿಸಲೆಂದೇ ವಾಲ್ವ್ ಇದೆ.

ಹಾಸಿಗೆಗೆ ಅಷ್ಟು ದುಬಾರಿಯದು ಬೇಕಿಲ್ಲ, ಡ್ರೈ ಬ್ಯಾಗ್ (ಬಾಯಿ ಸುತ್ತಿ ಮುಚ್ಚುವ, ನೀರು ಇಳಿಯದ ಚೀಲ) ಸಾಕು. ಒದ್ದೆ ಬಟ್ಟೆ ಮಾತ್ರ ಯಾವುದರೊಳಗೂ ಇಟ್ಟು ಮುಚ್ಚಬೇಡಿ, ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆ ಮನೆಗೆ ಬಂದ ದಿನವೇ ಒಳಗೆ ನ್ಯೂಸ್‌ಪೇಪರ್ ಹಾಕಿ, ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ಪೇಪರ್ ಒದ್ದೆಯಾದರೆ ಅಂಗಡಿಗೆ ವಾಪಸ್ ಕೊಡಿ.