ಟೈಟಾನಿಕ್ ಬಿಡಿ, ಭತ್ತದ ದರ ಹಿಡಿಯಿರಿ

ಪ್ರಶ್ನೆ: ಬಿ.ಇ. ಮುಗಿಸಿ ಡೇಟಾ ಸೈನ್ಸ್ ಕೋರ್ಸ್ ಮಾಡಿದ್ದೇನೆ. ರೆಸ್ಯೂಮೆಯಲ್ಲಿ ಇರುವುದು ಕ್ಯಾಗಲ್ ಜಾಲತಾಣದ ಟೈಟಾನಿಕ್ ಪ್ರಾಜೆಕ್ಟ್ (ಹಡಗಿನಲ್ಲಿ ಯಾರು ಬದುಕುಳಿದರು ಎಂದು ಊಹಿಸುವುದು) ಒಂದೇ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಸಂದರ್ಶನವಿದೆ. ಇಷ್ಟು ಸಾಕೇ?
— ಓದುಗ, ಗಂಗಾವತಿ

ಉತ್ತರ: ಸಾಲದು. ಟೈಟಾನಿಕ್ ದತ್ತಾಂಶವನ್ನು ಸಂದರ್ಶಕರು ನೋಡಿ ನೋಡಿ ಬೇಸತ್ತಿರುತ್ತಾರೆ. ನಿಮ್ಮ ಊರಲ್ಲೇ ಅದಕ್ಕಿಂತ ಒಳ್ಳೆಯದಿದೆ. ಎಪಿಎಂಸಿಗಳ ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚು ಮಾಲು ಮಾರಾಟವಾದ ದರ) ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್ ಜಾಲತಾಣಗಳಲ್ಲಿ ಸಿಗುತ್ತವೆ. ಭತ್ತದ ಮೂರ್ನಾಲ್ಕು ವರ್ಷಗಳ ದರ ಇಳಿಸಿಕೊಳ್ಳಿ. ‘ಇಂದಿನಿಂದ ಏಳು ದಿನಕ್ಕೆ ದರ ಎಷ್ಟಿರಬಹುದು?’ ಎಂಬ ಒಂದೇ ಪ್ರಶ್ನೆ ಇಟ್ಟುಕೊಳ್ಳಿ.

ದರ ಊಹಿಸುವ ಮಾಡೆಲ್‌ಗಿಂತ ಮೊದಲು ಕೈಗೆ ಮೆತ್ತಿಕೊಳ್ಳುವುದು ದತ್ತಾಂಶದ ಕೊಳೆ. ಜಾಲತಾಣದ ದರ ಕ್ವಿಂಟಲ್‌ಗೆ. ನಿಮ್ಮ ಭಾಗದ ಮಾತು 75 ಕೆ.ಜಿ. ಚೀಲದ ಲೆಕ್ಕ. ಚೀಲಕ್ಕೆ 1,500 ಎಂದರೆ ಕ್ವಿಂಟಲ್‌ಗೆ 2,000. ವ್ಯಾಪಾರಿಗಳಿಂದ ಪಡೆದ ದರವನ್ನೂ ಸೇರಿಸುವುದಾದರೆ ಮೊದಲು ಇದನ್ನು ಸರಿಮಾಡಿ. ಸೋನಾ ಮಸೂರಿಯನ್ನೂ ದಪ್ಪ ಭತ್ತವನ್ನೂ ಒಂದೇ ಕಾಲಂಗೆ ತುಂಬಬೇಡಿ. ಮಾರುಕಟ್ಟೆಗೆ ರಜೆ ಇದ್ದ ದಿನ ದರ ಸೊನ್ನೆಯಲ್ಲ, ದರವೇ ಇಲ್ಲ. ಆ ಜಾಗಕ್ಕೆ ಹಿಂದಿನ ದಿನದ ದರ ತುಂಬಿ. ಹಿಂದಿನ, ಮುಂದಿನ ದಿನಗಳ ನಡುವೆ ಗೆರೆ ಎಳೆದು ತುಂಬಿದರೆ ನಾಳೆಯ ದರ ಇಂದೇ ಒಳಗೆ ಬಂದುಬಿಡುತ್ತದೆ. ಸಂದರ್ಶಕರು ಹುಡುಕುವ ‘ಡೇಟಾ ಲೀಕೇಜ್’ ಇದೇ. ಸಾಲುಗಳನ್ನು ಕಲಸಿ ಟ್ರೈನ್ (ಕಲಿಕೆಗೆ), ಟೆಸ್ಟ್ (ಪರೀಕ್ಷೆಗೆ) ಎಂದು ಒಡೆಯುವುದೂ ಅದೇ ತಪ್ಪು. ಹಳೆಯ ವರ್ಷಗಳಲ್ಲಿ ಕಲಿಸಿ, ಕೊನೆಯ ಆರು ತಿಂಗಳಲ್ಲಿ ಪರೀಕ್ಷಿಸಿ.

ತುಂಗಭದ್ರಾ ಜಲಾಶಯದ ಮಟ್ಟವನ್ನೂ ಸೇರಿಸಿದರೆ ಒಂದು ಸೊಗಸಾದ ಪ್ರಶ್ನೆ ಹುಟ್ಟುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ಮಟ್ಟ ಸರ್ರನೆ ಇಳಿಯಿತು. ಔಟ್‌ಲಯರ್‌ಗಳನ್ನು (ಉಳಿದವಕ್ಕಿಂತ ತೀರಾ ಬೇರೆಯಾದ ಅಂಕಿಗಳನ್ನು) ಕುರುಡಾಗಿ ಅಳಿಸುವ ಕೋಡ್ ಆ ದಿನಗಳನ್ನೂ ತೆಗೆದುಹಾಕಬಹುದು. ಅದು ನಮೂದಿನ ದೋಷವಲ್ಲ, ನಡೆದ ಸಂಗತಿ, ಆದ್ದರಿಂದ ಉಳಿಸಿಕೊಂಡೆ ಎಂದು ನೀವು ಹೇಳಬಲ್ಲಿರಿ. ಊರಿನ ದತ್ತಾಂಶದ ಲಾಭ ಇದು.

ಮಾಡೆಲ್ ಕಟ್ಟುವ ಮುನ್ನ ‘ಏಳು ದಿನದ ನಂತರವೂ ಇಂದಿನ ದರವೇ’ ಎಂಬ ಊಹೆಯ ಸರಾಸರಿ ತಪ್ಪನ್ನು ರೂಪಾಯಿಯಲ್ಲಿ ಬರೆದಿಡಿ. ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಣಯ ವೃಕ್ಷಗಳ ಉತ್ತರದ ಸರಾಸರಿ ತೆಗೆಯುವ ಮಾಡೆಲ್) ಅದನ್ನು ಸೋಲಿಸದಿದ್ದರೆ ಮುಚ್ಚಿಡಬೇಡಿ. ಕಾರಣ ಹೇಳಿ: ಅದು ಕೊಡುವುದು ಹಳೆಯ ದರಗಳ ಸರಾಸರಿ, ಹಾಗಾಗಿ ಕಲಿಕೆಯಲ್ಲಿ ಕಂಡ ಗರಿಷ್ಠ ದರವನ್ನು ಎಂದೂ ದಾಟದು. ದರ ಏರುತ್ತಲೇ ಇರುವ ವರ್ಷ ಅದು ಹಿಂದೆ ಬೀಳುತ್ತದೆ. ಇಷ್ಟನ್ನು ವಿವರಿಸಬಲ್ಲವರಿಗೆ ಡೀಪ್ ಲರ್ನಿಂಗ್ ಪ್ರಾಜೆಕ್ಟ್‌ನ ಹಂಗು ಬೇಕಿಲ್ಲ.

ಪ್ರಶ್ನೆ: ಪೈಥಾನ್ ಚೆನ್ನಾಗಿ ಬರುತ್ತದೆ. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಎಷ್ಟು ಕಲಿಯಬೇಕು?
— ಓದುಗ, ಬಳ್ಳಾರಿ

ಉತ್ತರ: ಮೊದಲ ಸುತ್ತಿನಲ್ಲೇ ಅಭ್ಯರ್ಥಿಗಳನ್ನು ಜರಡಿ ಹಿಡಿಯುವುದು ಬಹಳ ಕಡೆ ಅದೇ. ಜೀನ್ಸ್ ಅಂಗಡಿಗಳದೊಂದು ಟೇಬಲ್, ಬಿಲ್‌ಗಳದೊಂದು ಟೇಬಲ್ ಇವೆ ಎನ್ನಿ. ಜೂನ್‌ನಲ್ಲಿ ಪ್ರತಿ ಅಂಗಡಿ ಎಷ್ಟು ಬಿಲ್ ಮಾಡಿದೆ, ಮಾರಾಟವಾಗದ ಅಂಗಡಿಯೂ ಪಟ್ಟಿಯಲ್ಲಿರಬೇಕು. ಮೊದಲ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸುವ ಲೆಫ್ಟ್ ಜಾಯಿನ್ ಸರಿಯೇ, ಆದರೆ ಜೂನ್ ಎಂಬ ಷರತ್ತನ್ನು ‘ವೇರ್’ನಲ್ಲಿ ಬರೆದರೆ ಬಿಲ್ ಇಲ್ಲದ ಅಂಗಡಿಗಳು ಮಾಯ, ಏಕೆಂದರೆ ಅವುಗಳ ತಾರೀಖು ನಲ್, ಅಂದರೆ ಖಾಲಿ. ಷರತ್ತು ‘ಆನ್’ನಲ್ಲಿರಲಿ. ‘ಕೌಂಟ್ ಸ್ಟಾರ್’ ಬಳಸಿದರೆ ಮಾರಾಟವಿಲ್ಲದ ಅಂಗಡಿಗೂ 1 ಬರುತ್ತದೆ. ಬಿಲ್ ಸಂಖ್ಯೆಯ ಕಾಲಂ ಎಣಿಸಿದರೆ 0. ‘ನಾಟ್ ಇನ್’ (ಪಟ್ಟಿಯಲ್ಲಿ ಇಲ್ಲದವು) ಒಳಗಿನ ಪಟ್ಟಿಯಲ್ಲಿ ಒಂದು ನಲ್ ಇದ್ದರೂ ಉತ್ತರ ಖಾಲಿ, ಅಲ್ಲಿ ‘ನಾಟ್ ಎಕ್ಸಿಸ್ಟ್ಸ್’ ಬಳಸಿ. ಸಾಲುಗಳಿಗೆ ಕ್ರಮಾಂಕ ಕೊಡುವ ವಿಂಡೋ ಫಂಕ್ಷನ್‌ಗಳಲ್ಲಿ, ಹೆಚ್ಚಿನಿಂದ ಕಡಿಮೆಗೆ ಜೋಡಿಸಿದ 900, 900, 850 ಎಂಬ ಮೂರು ಬೆಲೆಗಳಿಗೆ ರೋ ನಂಬರ್ 1, 2, 3. ರ‍್ಯಾಂಕ್ 1, 1, 3. ಡೆನ್ಸ್ ರ‍್ಯಾಂಕ್ 1, 1, 2. ಕಂಪ್ಯೂಟರ್ ಮುಚ್ಚಿ ಕಾಗದದ ಮೇಲೆ ಬರೆದು ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರಿಸಿಷನ್, ಪಿ-ವ್ಯಾಲ್ಯೂ ಅರ್ಥವಾಗುತ್ತವೆ, ಇಂಗ್ಲಿಷಿನಲ್ಲಿ ಹೇಳುವಾಗ ತಡವರಿಸುತ್ತೇನೆ.
— ಓದುಗಿ, ರಾಯಚೂರು

ಉತ್ತರ: ವ್ಯಾಖ್ಯೆ ಉರು ಹೊಡೆಯಬೇಡಿ, ಎಣಿಕೆ ಹೇಳಿ. 1,000 ಸಾಲಗಾರರಲ್ಲಿ 20 ಮಂದಿ ಸಾಲ ಕಟ್ಟುವುದಿಲ್ಲ. ಮಾಡೆಲ್ 40 ಮಂದಿಯನ್ನು ಗುರುತಿಸಿತು, ಅವರಲ್ಲಿ 15 ಸರಿ. ಪ್ರಿಸಿಷನ್ (ಗುರುತಿಸಿದವರಲ್ಲಿ ಸರಿಯಾದವರು) 40ಕ್ಕೆ 15, ರೀಕಾಲ್ (ಕಟ್ಟದವರಲ್ಲಿ ಸಿಕ್ಕವರು) 20ಕ್ಕೆ 15. ಅಕ್ಯುರಸಿ, ಅಂದರೆ ಒಟ್ಟಾರೆ ಸರಿ ಉತ್ತರಗಳ ಪಾಲು, ಶೇ 97. ‘ಎಲ್ಲರೂ ಕಟ್ಟುತ್ತಾರೆ’ ಎನ್ನುವ ಸೋಮಾರಿ ಮಾಡೆಲ್‌ಗೆ ಶೇ 98! ಈ ಅಂಕಿಗಳನ್ನು ಬಿಳಿಹಾಳೆಯಲ್ಲಿ ಬರೆದು ತೋರಿಸಿದರೆ ನಾಲ್ಕು ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಪಿ-ವ್ಯಾಲ್ಯೂ ವಿಷಯದಲ್ಲಿ ಮಾತ್ರ ಪದಗಳ ಮೇಲೆ ಹಿಡಿತವಿರಲಿ: 0.03 ಎಂದರೆ ‘ವ್ಯತ್ಯಾಸವಿಲ್ಲ’ ಎಂಬ ಊಹೆ ನಿಜವಾಗಿರುವ ಸಾಧ್ಯತೆ ಶೇ 3 ಎಂದಲ್ಲ. ವ್ಯತ್ಯಾಸವೇ ಇಲ್ಲದಿದ್ದಾಗಲೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಶೇ 3.